ರೋಗಿಯ ಗುಟ್ಟು, ಕಾನೂನಿನ ಕಾವಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ಊರುಗಳ ಯಾವುದೇ ಸರ್ಕಾರಿ ಆಸ್ಪತ್ರೆಯ ಮುಂದೆ ಬೆಳಗಿನ ಹೊತ್ತು ನಿಂತರೆ ಒಂದು ನೋಟ ತಪ್ಪದೆ ಕಾಣುತ್ತದೆ. ಹಳ್ಳಿಯಿಂದ ಬಂದವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಹಳೆಯ ಚೀಟಿ, ರಕ್ತ ಪರೀಕ್ಷೆಯ ವರದಿ, ಎಕ್ಸ್‌ರೇ. ಇದೇ ವಿವರದ ಇನ್ನೊಂದು ಪಾಲು ಆಸ್ಪತ್ರೆಯ ರಿಜಿಸ್ಟರಿನಲ್ಲಿ, ಈಗೀಗ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಅದು ಸಂಬಂಧವಿಲ್ಲದವರ ಕೈಸೇರಿದರೆ? ಹಾಗೆ ಇಟ್ಟುಕೊಂಡವರಿಗೆ ಶಿಕ್ಷೆ ಉಂಟೆ?

ಈ ಪ್ರಶ್ನೆ ಬರೀ ಕಾಗದದ್ದಲ್ಲ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮ ದಶಕಗಳಿಂದ ಕುಷ್ಠ ಮತ್ತು ಕ್ಷಯ ರೋಗಿಗಳ ನಡುವೆ ಕೆಲಸ ಮಾಡುತ್ತ ಬಂದಿದೆ. ಇಂಥ ಕಾಯಿಲೆಯ ಹೆಸರು ಹೊರಬಿದ್ದರೆ ಹೆಣ್ಣು ಕೊಡುವವರೂ ತರುವವರೂ ಹಿಂದೆ ಸರಿಯುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಂತೂ ಗುಣವಾಗದ ಕುಷ್ಠ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಅಲ್ಲಿಯವರೆಗೆ ಆಸ್ಪತ್ರೆಯ ಒಂದು ಚೀಟಿ ಸಂಸಾರವನ್ನೇ ಒಡೆಯಬಹುದಿತ್ತು.

ರೋಗಿಯ ಗುಟ್ಟು ಕಾಯಬೇಕೆಂಬ ನೀತಿ ಹಳೆಯದು. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನ ಪ್ರತಿಜ್ಞೆಯಲ್ಲಿ ಅದು ಇದೆ. ರೋಗಿಯ ಮನೆಯ ವಿಚಾರವನ್ನು ವೈದ್ಯನು ಹೊರಗೆ ಆಡಬಾರದೆಂದು ಚರಕ ಸಂಹಿತೆಯೂ ಹೇಳುತ್ತದೆ. ಆದರೆ ನೀತಿ ಬೇರೆ, ಕಾನೂನು ಬೇರೆ. ಬ್ರಿಟಿಷರು ತಂದ 1860ರ ದಂಡ ಸಂಹಿತೆಯಲ್ಲಿ ವೈದ್ಯಕೀಯ ದಾಖಲೆಗೆಂದೇ ಒಂದು ಕಲಂ ಇರಲಿಲ್ಲ. 1872ರ ಸಾಕ್ಷ್ಯ ಕಾಯ್ದೆ ವಕೀಲ ಮತ್ತು ಕಕ್ಷಿದಾರರ ಮಾತಿಗೆ ರಕ್ಷಣೆ ಕೊಟ್ಟಿತು. ವೈದ್ಯ ಮತ್ತು ರೋಗಿಯ ಮಾತಿಗೆ ಕೊಡಲಿಲ್ಲ.

ಹಾಗಾದರೆ ಕೇಸ್ ಶೀಟ್ ಕದ್ದವನಿಗೆ ಏನು? ಅದು ಕಳವು. ಕದ್ದ ಮಾಲೆಂದು ತಿಳಿದೂ ದುರುದ್ದೇಶದಿಂದ ಇಟ್ಟುಕೊಂಡವನಿಗೆ ಹಳೆಯ 411ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆವಾಸವಿತ್ತು. ಆದರೆ ಇಲ್ಲೊಂದು ತೊಡಕು. ಆ ಸಂಹಿತೆಯ ಪ್ರಕಾರ ಚರ ಸ್ವತ್ತು ಎಂದರೆ ಕೈಗೆ ಸಿಗುವ ವಸ್ತು. ಕಾಗದವನ್ನೇ ಒಯ್ದರೆ ಕಳವು. ಕಾಗದವನ್ನು ಅಲ್ಲೇ ಬಿಟ್ಟು ಅದರಲ್ಲಿದ್ದುದನ್ನು ನಕಲು ಮಾಡಿಕೊಂಡು ಹೋದರೆ ಕಳವು ಎನ್ನುವುದು ಕಷ್ಟವಾಗಿತ್ತು.

ಕಂಪ್ಯೂಟರ್ ಬಂದ ಮೇಲೆ ಈ ತೊಡಕು ದೊಡ್ಡದಾಯಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಿದ್ದುಪಡಿಯಾಗಿ, ಅದು 2009ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಅನುಮತಿಯಿಲ್ಲದೆ ದುರುದ್ದೇಶದಿಂದ ದತ್ತಾಂಶ ನಕಲು ಮಾಡುವುದು 66ನೇ ಕಲಮಿನಡಿ ಅಪರಾಧವಾಯಿತು. ಕದ್ದ ‘ಕಂಪ್ಯೂಟರ್ ಸಂಪನ್ಮೂಲ’ವನ್ನು ಗೊತ್ತಿದ್ದೂ ಇಟ್ಟುಕೊಳ್ಳುವುದು 66ಬಿ ಅಡಿ ಅಪರಾಧ, ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಕಾಯ್ದೆಯ ವ್ಯಾಖ್ಯೆಯಂತೆ ದತ್ತಾಂಶವೂ ಈ ಸಂಪನ್ಮೂಲವೇ. ವೈದ್ಯಕೀಯ ದಾಖಲೆಯನ್ನು ‘ಸೂಕ್ಷ್ಮ’ ಮಾಹಿತಿಯೆಂದು 2011ರ ನಿಯಮಗಳು ಹೆಸರಿಸಿದವು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಚರ ಸ್ವತ್ತು ಕೈಗೆ ಸಿಗುವಂಥದ್ದೇ ಆಗಿರಬೇಕೆಂಬ ಹಳೆಯ ಷರತ್ತನ್ನು ಕೈಬಿಟ್ಟಿದೆ.

ಒಂದು ರಿಜಿಸ್ಟರಿನ ಕಥೆ ಇಲ್ಲಿ ಗಮನಾರ್ಹ. 1971ರ ಗರ್ಭಪಾತ ಕಾಯ್ದೆಯಡಿ ರಚಿಸಿದ ನಿಯಮಾವಳಿ, ಗರ್ಭಪಾತಕ್ಕೆ ದಾಖಲಾದ ಮಹಿಳೆಯರ ರಿಜಿಸ್ಟರನ್ನು ರಹಸ್ಯ ದಾಖಲೆಯೆಂದು ಕರೆಯಿತು. ಬೇರೆ ಪುಸ್ತಕಗಳಲ್ಲಿ ಹೆಸರಿನ ಬದಲು ಕ್ರಮಸಂಖ್ಯೆ ಬರೆಯಬೇಕೆಂದಿತು. ಆದರೆ ಬೇಕೆಂದೇ ಈ ನಿಯಮ ಮುರಿದವರಿಗೆ ಇದ್ದದ್ದು ಒಂದು ಸಾವಿರ ರೂಪಾಯಿವರೆಗಿನ ದಂಡ ಮಾತ್ರ. 2021ರ ತಿದ್ದುಪಡಿ, ಮಹಿಳೆಯ ಹೆಸರು ಬಹಿರಂಗಪಡಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸವನ್ನು ಸೇರಿಸಿತು. ಈ ಬದಲಾವಣೆಗೆ ಐವತ್ತು ವರ್ಷ ಬೇಕಾಯಿತು.

ನ್ಯಾಯಾಲಯದ ದೃಷ್ಟಿಯೂ ಬದಲಾಗಿದೆ. ಎಚ್‌ಐವಿ ಸೋಂಕಿತರೊಬ್ಬರ ವಿವರ ಆಸ್ಪತ್ರೆಯಿಂದ ತಿಳಿದು ಮದುವೆ ಮುರಿದುಬಿದ್ದ ಪ್ರಕರಣದಲ್ಲಿ, ಗೋಪ್ಯತೆಯ ಹಕ್ಕು ಪರಿಪೂರ್ಣವಲ್ಲವೆಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಅರ್ಜಿಯನ್ನು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಅಮೆರಿಕದಲ್ಲಿ 1996ರ ಕಾಯ್ದೆಯೊಂದು ಇದನ್ನು ನೇರವಾಗಿಯೇ ಹೇಳುತ್ತದೆ. ರೋಗಿಯ ಮಾಹಿತಿಯನ್ನು ಅಕ್ರಮವಾಗಿ ಪಡೆದರೆ ಒಂದು ವರ್ಷ, ಮಾರುವ ಉದ್ದೇಶವಿದ್ದರೆ ಹತ್ತು ವರ್ಷದವರೆಗೆ ಸೆರೆ. ಭಾರತದ 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ, ಆದರೆ ಸೆರೆವಾಸ ಹೇಳುವುದಿಲ್ಲ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆಯ ಮೇಲೆ ದಾಳಿ ನಡೆದಾಗ, ಅಪಾಯ ಎಷ್ಟು ದೊಡ್ಡದೆಂದು ದೇಶಕ್ಕೆ ಗೊತ್ತಾಗಿತ್ತು.

ಗುಟ್ಟಿನ ಈ ಕಾನೂನಿಗೆ ಇನ್ನೊಂದು ಮುಖವಿದೆ. ದಾಖಲೆ ಬೇರೆಯವರಿಗೆ ಸಿಗಬಾರದು ನಿಜ, ಆದರೆ ರೋಗಿಗೆ ಸಿಗಲೇಬೇಕು. ಕೇಳಿದ 72 ಗಂಟೆಯೊಳಗೆ ಪ್ರತಿ ಕೊಡಬೇಕೆಂದು ವೈದ್ಯರ ನಡವಳಿಕೆ ಕುರಿತ 2002ರ ನಿಯಮಾವಳಿ ಹೇಳುತ್ತದೆ. ಪ್ಲಾಸ್ಟಿಕ್ ಚೀಲ ಹಿಡಿದು ಸಾಲಿನಲ್ಲಿ ನಿಂತವರಿಗೆ ಇದು ಗೊತ್ತಿರುವುದು ಅಪರೂಪ.