ಮ್ಯಾಜಿಕ್ ಎಂಬ ಮಾತು, ಹಂಪಿಯ ಯಂತ್ರ

‘ಮ್ಯಾಜಿಕ್’ ಎಂಬ ಇಂಗ್ಲಿಷ್ ಮಾತಿನ ಬೇರು ಪ್ರಾಚೀನ ಇರಾನಿನಲ್ಲಿದೆ. ಅಲ್ಲಿನ ಪುರೋಹಿತರಿಗೆ ‘ಮಗುಶ್’ ಎಂದು ಹೆಸರು. ಕ್ರಿ.ಪೂ. 6ನೇ ಶತಮಾನದ ಕೊನೆಗೆ ದೊರೆ ಡೇರಿಯಸ್ ಬೆಹಿಸ್ತೂನ್ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಆ ಹೆಸರಿದೆ. ಪರ್ಷಿಯನ್ನರೊಡನೆ ಸೆಣಸಿದ ಗ್ರೀಕರ ಬಾಯಲ್ಲಿ ಅದು ‘ಮಾಗೊಸ್’ ಆಯಿತು. ಮುಂದಿನ ಶತಮಾನ ಮುಗಿಯುವುದರೊಳಗೆ ಮಾಟಗಾರ, ವಂಚಕ ಎಂಬ ಅರ್ಥವೂ ಅಂಟಿಕೊಂಡಿತು. ಪುರೋಹಿತರು ಮಾಡುತ್ತಿದ್ದ ಕರ್ಮ ಬದಲಾಗಿರಲಿಲ್ಲ, ಹೆಸರಿಟ್ಟವರು ಬೇರೆಯಾಗಿದ್ದರು. ಮಂತ್ರ, ತಂತ್ರ, ಯಂತ್ರಗಳನ್ನೆಲ್ಲ ಈ ಒಂದೇ ಮಾತಿನ ಕೆಳಗೆ ತುರುಕಿದರೆ ನಮ್ಮ ಚರಿತ್ರೆಯೂ ತಪ್ಪಾಗಿ ಕಾಣುತ್ತದೆ ಎಂಬುದಕ್ಕೆ ಹಂಪಿಯಲ್ಲೇ ಕಲ್ಲಿನ ಸಾಕ್ಷಿಯಿದೆ.

ಚಕ್ರತೀರ್ಥದ ದಂಡೆಯ ಕೋದಂಡರಾಮ ದೇವಸ್ಥಾನದ ಹಿಂದಿನ ದಿಬ್ಬದಲ್ಲಿ ಯಂತ್ರೋದ್ಧಾರಕ ಆಂಜನೇಯನ ಗುಡಿಯಿದೆ. ಹಂಪಿಯ ಬಂಡೆಬಂಡೆಗೂ ಕಾಣುವ ಹನುಮ ಸಾಮಾನ್ಯವಾಗಿ ಬಲಗೈ ಎತ್ತಿ, ಬಾಲವನ್ನು ತಲೆಯ ಮೇಲೆ ಬಾಗಿಸಿ ಮುನ್ನುಗ್ಗುತ್ತಿರುತ್ತಾನೆ. ಇಲ್ಲಿ ಮಾತ್ರ ಷಟ್ಕೋನದೊಳಗೆ ಪದ್ಮಾಸನ ಹಾಕಿ ಕುಳಿತಿದ್ದಾನೆ. ಸುತ್ತಲಿನ ವೃತ್ತದಲ್ಲಿ ಹನ್ನೆರಡು ಕಪಿಗಳು, ಒಂದರ ಬಾಲವನ್ನು ಹಿಂದಿನದು ಹಿಡಿದಿದೆ. ವ್ಯಾಸರಾಯರು ಇದ್ದಿಲಿನಿಂದ ಬರೆದ ಹನುಮ ದಿನವೂ ಮಾಯವಾಗುತ್ತಿದ್ದ, ಹನ್ನೆರಡನೆಯ ದಿನ ಯಂತ್ರದಲ್ಲಿ ಬಂಧಿಸಿ ನಿಲ್ಲಿಸಿದರು ಎಂಬುದು ಪ್ರತೀತಿ.

ಇದು ಆಮೇಲೆ ಹುಟ್ಟಿದ ಐತಿಹ್ಯ ಎನ್ನಬಹುದು. ಇರಲಿ, ನನ್ನ ವಾದ ಕತೆಯ ಮೇಲಲ್ಲ, ಕೆತ್ತನೆಯ ಮೇಲೆ ನಿಂತಿದೆ. ಯಂತ್ರವನ್ನು ಬಚ್ಚಿಟ್ಟಿಲ್ಲ. ಅದೇ ಮೂರ್ತಿಯ ಪ್ರಭಾವಳಿ, ಅದಕ್ಕೇ ಪೂಜೆ. ಪರಂಪರೆ ಇದನ್ನು ಯಾರ ಹೆಸರಿಗೆ ಒಪ್ಪಿಸಿದೆ ನೋಡಿ: ‘ನ್ಯಾಯಾಮೃತ’, ‘ತರ್ಕತಾಂಡವ’ಗಳನ್ನು ಬರೆದ, 1539ರಲ್ಲಿ ತೀರಿಕೊಂಡು ಆನೆಗೊಂದಿಯ ನವಬೃಂದಾವನದಲ್ಲಿ ನೆಲೆಸಿದ ಮಹಾತಾರ್ಕಿಕರಿಗೆ. ತರ್ಕಕ್ಕೂ ಯಂತ್ರಕ್ಕೂ ಹಗೆಯಿದೆ ಎಂದು ಭಕ್ತರಿಗೆ ತೋರಲೇ ಇಲ್ಲ.

ಆದರೆ ಅದೇ ಷಟ್ಕೋನವನ್ನು ತಗಡಿನ ಮೇಲೆ ಗೀರಿ ವೈರಿಯ ಕೇಡಿಗೂ ಬಳಸುತ್ತಾರಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಸ್ತಂಭನ, ಉಚ್ಚಾಟನಗಳ ವಿಧಿಗಳು ತಂತ್ರಗ್ರಂಥಗಳಲ್ಲಿ ಇರುವುದು ನಿಜ, ಭಯ ಬಿತ್ತಿ ದುಡ್ಡು ಕೀಳುವವರು ಇರುವುದೂ ನಿಜ. ಆದರೂ ಮಗುವಿಗೆ ಅಂತ್ರ ಕಟ್ಟಿಸುವ ತಾಯಿಯನ್ನೂ ಅವರನ್ನೂ ಒಂದೇ ಹೆಸರಿನಿಂದ ಕರೆಯುವುದು ಅನ್ಯಾಯ. ವಾಮಾಚಾರ ತಡೆಯಲು ಕರ್ನಾಟಕ 2017ರಲ್ಲಿ ಕಾಯ್ದೆ ರೂಪಿಸಿದಾಗ ಬರೀ ಹೆಸರನ್ನು ನೆಚ್ಚಲಿಲ್ಲ. ಯಾವ ಯಾವ ಕೃತ್ಯ ಅಪರಾಧವೆಂದು ಅನುಸೂಚಿಯಲ್ಲಿ ಬಿಡಿಬಿಡಿಯಾಗಿ ಬರೆಯಿತು. ಚರಿತ್ರೆ ಬರೆಯುವವರಿಗೂ ಇರುವ ಸರಿಯಾದ ದಾರಿ ಅದೇ: ಯಾರು, ಎಲ್ಲಿ, ಯಾರಿಗಾಗಿ ಏನು ಮಾಡಿದರು ಎಂದು ಮೊದಲು ಕೇಳಬೇಕು.