ಬೀದರ ಸೀಮೆಯ ಹಿಂಗಾರಿ ಜೋಳ: ತಳಿ ಆಯ್ಕೆ ನಡೆದುಬಂದ ಬಗೆ

ಕಾಳಿನ ಇಳುವರಿಯೊಂದನ್ನೇ ನೋಡಿ ಜೋಳದ ತಳಿಯನ್ನು ಅಳೆಯುವ ಪದ್ಧತಿ ಬೀದರ ಜಿಲ್ಲೆಯ ಒಕ್ಕಲುತನಕ್ಕೆ ಎಂದೂ ಒಗ್ಗಿಲ್ಲ. ಭಾಲ್ಕಿ ತಾಲ್ಲೂಕಿನ ಸಾಯಗಾಂವದ ಸುತ್ತಲೂ ಔರಾದದ ಕಡೆಗೂ ಇರುವ ಎರೆಭೂಮಿಯಲ್ಲಿ ಮಳೆಗಾಲದ ಕೊನೆಗೆ ಬಿತ್ತುವ ಹಿಂಗಾರಿ ಜೋಳವು, ನೆಲದಲ್ಲಿ ಉಳಿದ ಹಸಿಯನ್ನೇ ನಂಬಿ ಬೆಳೆದು, ಮನೆಗೆ ರೊಟ್ಟಿಯನ್ನೂ ಈ ಸೀಮೆಯದೇ ಆದ ದೇವಣಿ ದನಗಳಿಗೆ ಕಣಿಕೆಯನ್ನೂ, ಅಂದರೆ ತೆನೆ ಮುರಿದ ಮೇಲೆ ಉಳಿಯುವ ಒಣ ದಂಟನ್ನೂ, ಒದಗಿಸಬೇಕಾಗುತ್ತದೆ.

ಈ ಎರಡು ಬೇಡಿಕೆಗಳಿಗೂ ಒಟ್ಟಿಗೆ ಒದಗಿದ ತಳಿಯೆಂದರೆ ಮಾಲದಂಡಿ. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಸ್ಥಳೀಯ ಮಾಲದಂಡಿಯಿಂದ ಆಯ್ದು ಶುದ್ಧಗೊಳಿಸಿದ ಎಂ 35-1, ಹೊಳಪಿನ ದಪ್ಪ ಬಿಳಿಕಾಳು, ಎತ್ತರದ ದಂಟು ಮತ್ತು ಬರ ತಾಳುವ ಗುಣಗಳಿಂದಾಗಿ ದಖನ್ನಿನ ಹಿಂಗಾರಿ ಹೊಲಗಳನ್ನು ಹಲವು ದಶಕಗಳ ಕಾಲ ಆಳಿತು. 1964ರಲ್ಲಿ ದೇಶದ ಮೊದಲ ಸಂಕರ ಜೋಳವಾದ ಸಿಎಸ್‌ಎಚ್‌-1 ಬಿಡುಗಡೆಯಾಗಿ, 1969ರಲ್ಲಿ ಅಖಿಲ ಭಾರತ ಜೋಳ ಸುಧಾರಣಾ ಯೋಜನೆ ಆರಂಭವಾದ ಬಳಿಕ ಮುಂಗಾರಿ ಜೋಳದ ಇಳುವರಿ ಏರಿತು. ಆದರೆ ಆ ಗಿಡ್ಡ ಸಂಕರಗಳ ಕಾಳು ಮಾಗುವ ಹೊತ್ತಿಗೆ ಮಳೆ ಸಿಕ್ಕಿದರೆ ಬೂಷ್ಟು ಹಿಡಿದು ರೊಟ್ಟಿಗೆ ಒದಗುತ್ತಿರಲಿಲ್ಲ. ಹಿಂಗಾರಿಗೆಂದೇ ಬಂದ ಸಂಕರಗಳೂ ಕಾಳಿನ ಹೊಳಪಿನಲ್ಲಿ, ಕಣಿಕೆಯ ಗುಣದಲ್ಲಿ ಮಾಲದಂಡಿಯ ಸರಿಸಾಟಿಯಾಗದೆ ಹಿಂದೆ ಉಳಿದಿದ್ದರಿಂದ ರೈತರು ಅವನ್ನು ಒಪ್ಪಲಿಲ್ಲ. ರೈತರ ಈ ನಿರಾಕರಣೆಯನ್ನು ಹಿಂದುಳಿದಿರುವಿಕೆ ಎಂದು ಓದುವುದು ತಪ್ಪು, ಅದರ ಹಿಂದೆ ಇಡೀ ಮನೆತನದ ಲೆಕ್ಕಾಚಾರವಿತ್ತು.

ಮುಂದಿನ ಸಂಶೋಧನೆ ನೆಲದ ಆಳದತ್ತ ತಿರುಗಿದ್ದು ಈ ಕ್ಷೇತ್ರದ ಅತ್ಯಂತ ಮಹತ್ವದ ತಿರುವು. ಮಣ್ಣಿನ ಆಳ ಕಡಿಮೆಯಾದಷ್ಟೂ ಹಸಿ ಬೇಗ ಆರುವುದರಿಂದ, ತೆಳು ಮಣ್ಣಿಗೆ ಸುಮಾರು 105-110 ದಿನಗಳಲ್ಲಿ ಮಾಗುವ ಫುಲೆ ಅನುರಾಧಾ, ಆಳವಾದ ಎರೆಗೆ ಫುಲೆ ವಸುಧಾ ಅಥವಾ ಸಿಎಸ್‌ವಿ-22 ಎಂಬಂತೆ ತಳಿಗಳನ್ನು ಬೇರ್ಪಡಿಸಲಾಯಿತು. ಗಡಿಯಾಚೆಯ ಪರಭಣಿ ಕೃಷಿ ವಿಶ್ವವಿದ್ಯಾಲಯ ಪರಭಣಿ ಮೋತಿಯನ್ನು ಕೊಟ್ಟರೆ, ಕರ್ನಾಟಕದ ಕಡೆಯಿಂದ ವಿಜಯಪುರ ಕೇಂದ್ರದ ಬಿಜೆವಿ-44 ಬಂದಿತು. ತೇವ ಕಡಿಮೆಯಾದಾಗ ಶಿಲೀಂಧ್ರವು ದಂಟಿನ ಬುಡವನ್ನು ಟೊಳ್ಳಾಗಿಸಿ ಬೆಳೆಯನ್ನು ಕೆಡಹುವ ಇದ್ದಿಲು ಕೊಳೆ ರೋಗವನ್ನೂ, ಎಳೆಯ ಸಸಿಯ ಸುಳಿ ಒಣಗಿಸುವ ಸುಳಿನೊಣವನ್ನೂ ಎಷ್ಟು ತಾಳಿಕೊಳ್ಳುತ್ತದೆ ಎಂಬುದು ತಳಿ ಪರೀಕ್ಷೆಯ ಭಾಗವಾಯಿತು.

ಬೀದರದಲ್ಲಿ ಈಗಿನ ತೊಡಕು ಬೇರೆ. 1994ರಲ್ಲಿ ಬಿಡುಗಡೆಯಾದ ಜೆಎಸ್‌-335ನಂಥ ಸೋಯಾ ಅವರೆ ತಳಿಗಳು ಮುಂಗಾರಿನಲ್ಲಿ ಹೊಲವನ್ನು ಸುಮಾರು 95-100 ದಿನ ಹಿಡಿದಿಡುವುದರಿಂದ, ಅವುಗಳ ಕೊಯ್ಲಿನ ನಂತರ ಬಿತ್ತಿದ ಜೋಳಕ್ಕೆ ಹಸಿಯೂ ಸಾಲದು, ತಡವಾದ ಬಿತ್ತನೆಯಿಂದ ಸುಳಿನೊಣದ ಕಾಟವೂ ಹೆಚ್ಚು. ಹೀಗಾಗಿ ಆ ಜಾಗವನ್ನು ಕಡಲೆ ಪಡೆಯುತ್ತದೆ. ಎತ್ತರದ ಜೋಳವನ್ನು ಕೈಯಿಂದ ಕೀಳುವ ಕೂಲಿಯೂ ಭಾರವಾಗಿದ್ದು, ಯಂತ್ರಕ್ಕೆ ಹೊಂದುವ ಗಿಡ್ಡ ತಳಿ ತಂದರೆ ಕಣಿಕೆ ಕುಗ್ಗುತ್ತದೆ. ಆದ್ದರಿಂದ ಸಾಯಗಾಂವದಂಥ ಊರಿಗೆ ತಳಿ ಶಿಫಾರಸು ಮಾಡುವವರು ಹೊಲದ ಮಣ್ಣಿನ ಆಳ, ಹಿಂದಿನ ಬೆಳೆ ಮತ್ತು ಕೊಟ್ಟಿಗೆಯ ದನಗಳ ಸಂಖ್ಯೆ ಈ ಮೂರನ್ನೂ ಮೊದಲು ಕೇಳಬೇಕು. ಇಳುವರಿಯ ಮಾತು ಆಮೇಲಿನದು.