ಮೂಳೆಯ ಬಿರುಕಿನಲ್ಲಿ ಕಣಿ
ಕ್ರಿ.ಪೂ. 13ನೆಯ ಶತಮಾನದ ಚೀನಾದಲ್ಲಿ, ಇಂದಿನ ಆನ್‌ಯಾಂಗ್ ಬಳಿ ರಾಜಧಾನಿ ಹೊಂದಿದ್ದ ಶಾಂಗ್ ಅರಸರು ಮಳೆ, ಬೆಳೆ, ಬೇಟೆ, ಯುದ್ಧ, ಹಲ್ಲುನೋವು ಎಲ್ಲಕ್ಕೂ ಗತಿಸಿದ ಹಿರಿಯರ ಮುಂದೆ ಕಣಿ ಕೇಳುತ್ತಿದ್ದರು. ಎತ್ತಿನ ಹೆಗಲಮೂಳೆ ಅಥವಾ ಆಮೆಯ ಹೊಟ್ಟೆಚಿಪ್ಪಿನ ಹಿಂಬದಿಯಲ್ಲಿ ಸಣ್ಣ ಗುಳಿ ಕೊರೆದು ಕಾವು ಕೊಟ್ಟರೆ ಮುಂಬದಿಯಲ್ಲಿ ಬಿರುಕು ಮೂಡುತ್ತಿತ್ತು, ಅದೇ ಉತ್ತರ. ಕಣಿ ಎಂಬರ್ಥದ ಚೀನೀ ಅಕ್ಷರ ‘ಬು’ ಇಂದಿಗೂ ಆ ಬಿರುಕಿನ ಆಕಾರದಲ್ಲೇ ಇದೆ.

ದಿನ, ಕಣಿಗಾರನ ಹೆಸರು, ಪ್ರಶ್ನೆಗಳನ್ನು ಮೂಳೆಯ ಮೇಲೆಯೇ ಕೆತ್ತುತ್ತಿದ್ದರು. ಕೆಲವೊಮ್ಮೆ ಅರಸನ ಅರ್ಥವಿವರಣೆಯನ್ನೂ ಮುಂದೆ ನಡೆದುದನ್ನೂ ಸೇರಿಸುತ್ತಿದ್ದರು. ಅರಸ ವೂ ಡಿಂಗ್‌ನ ರಾಣಿ ಫೂ ಹಾವ್ ಬಸುರಿಯಾಗಿದ್ದಾಗ ಹೆರಿಗೆ ಸುಸೂತ್ರವೇ ಎಂದು ಕೇಳಲಾಯಿತು. ಶುಭದಿನಗಳನ್ನು ಅರಸನೇ ಹೇಳಿದ. 31 ದಿನಗಳ ಬಳಿಕ, ಅವನು ಹೇಳದ ದಿನದಂದು ಹೆರಿಗೆಯಾಯಿತು. ಶುಭವಾಗಲಿಲ್ಲ, ಹೆಣ್ಣು ಮಗು ಎಂದು ಮೂಳೆ ದಾಖಲಿಸುತ್ತದೆ. ಮೂರು ಸಾವಿರ ವರ್ಷಗಳ ನಂತರವೂ ಆ ಸಾಲು ಮನಸ್ಸನ್ನು ಚುಚ್ಚುತ್ತದೆ. ಇದೇ ಫೂ ಹಾವ್ ಸೇನೆ ನಡೆಸಿದವಳು. 1976ರಲ್ಲಿ ಸಿಕ್ಕ ಅವಳ ಸಮಾಧಿಯಲ್ಲಿ ಆಯುಧಗಳಿದ್ದವು.

ಶಾಂಗ್ ಮನೆತನದ ಪತನದ ನಂತರ ಈ ಮೂಳೆಗಳು ಮಣ್ಣಿನಡಿ ಮರೆತುಹೋದವು. ಮುಂದೆ ಹೊಲ ಉಳುವಾಗ ಸಿಕ್ಕವನ್ನು ‘ಡ್ರ್ಯಾಗನ್ ಮೂಳೆ’ ಎಂದು ಔಷಧಿಗಾಗಿ ಅರೆಯುತ್ತಿದ್ದರು. ಎಷ್ಟು ಬರಹ ಹೀಗೆ ಪುಡಿಯಾಯಿತೋ! 1899ರಲ್ಲಿ ವಾಂಗ್ ಯಿರಾಂಗ್ ಎಂಬ ವಿದ್ವಾಂಸ ಆ ಮೂಳೆಗಳ ಮೇಲಿರುವುದು ಪ್ರಾಚೀನ ಲಿಪಿಯೆಂದು ಗುರುತಿಸಿದ. 1928ರಲ್ಲಿ ವ್ಯವಸ್ಥಿತ ಉತ್ಖನನ ಆರಂಭವಾಯಿತು. 1936ರಲ್ಲಿ ಒಂದೇ ಗುಂಡಿಯಲ್ಲಿ 17,000ಕ್ಕೂ ಹೆಚ್ಚು ತುಣುಕುಗಳು ದೊರೆತವು. ಅವುಗಳಲ್ಲಿನ ಅನೇಕ ಅಕ್ಷರಗಳನ್ನು ಇನ್ನೂ ಓದಲಾಗಿಲ್ಲ.